ಸಿಂಪ್ಯೂಟರಿನ ಕರ್ನಲ್: ಪ್ರೊಸೆಸರನ್ನು ಅನುಸರಿಸಿದ ಆಯ್ಕೆಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ

ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರವನ್ನು ಕುರಿತು ಬರೆಯುತ್ತಾರೆ, ಇಲ್ಲವೆ ಅದನ್ನು ನಿರ್ಮಿಸಿದ ಮಹನೀಯರನ್ನು ಕುರಿತು ಬರೆಯುತ್ತಾರೆ. ಯಂತ್ರಕ್ಕೂ ಅದರ ಮೇಲೆ ನಡೆಯುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಎರಡನ್ನೂ ಹೊಂದಿಸಿಕೊಡುವ ಕರ್ನಲ್ ಎಂಬ ತಿರುಳಿನ ಚರಿತ್ರೆಗೆ ಅಷ್ಟು ಗಮನ ಸಂದಿಲ್ಲ. ಆ ಕರ್ನಲನ್ನು ಒಂದು ನಿರ್ದಿಷ್ಟ ಪ್ರೊಸೆಸರಿಗಾಗಿ ಕಟ್ಟುವಾಗ ಮಾಡಬೇಕಾದ ಆಯ್ಕೆಗಳ ವಿಷಯವಂತೂ ಕೇವಲ ಕುಶಲಕರ್ಮಿಗಳ ಮಾತೆಂದು ಬದಿಗಿಡಲ್ಪಟ್ಟಿದೆ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಕೈಗಣಕದ ನಿದರ್ಶನವನ್ನು ಮುಂದಿಟ್ಟುಕೊಂಡು, ಈ ಆಯ್ಕೆಗಳೂ ಚರಿತ್ರೆಯ ಸಾಮಗ್ರಿಯೇ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಯ್ಕೆ ಎಂದರೇನೆಂಬುದನ್ನು ತಿಳಿಯಬೇಕು. ಕೊಪ್ಪ ತಾಲೂಕಿನ ನಾರ್ವೆಯಲ್ಲಿ ಮನೆ ಕಟ್ಟುವವನು ತಳಪಾಯಕ್ಕೆ ಮುಂಚೆಯೇ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಮಾಡಿನ ಇಳಿಜಾರು, ಗೋಡೆಯಿಂದ ಹೊರಚಾಚುವ ಸೂರಿನ ಅಳತೆ ಎಲ್ಲವೂ ಅದರಿಂದ ನಿರ್ಣಯವಾಗುತ್ತವೆ. ಅದೇ ಮೇಸ್ತ್ರಿ ಚಳ್ಳಕೆರೆಗೆ ಹೋದರೆ ಮಾಳಿಗೆಯನ್ನು ಸಮತಲವಾಗಿ ಹಾಕಿಯಾನು. ಮನೆ ಎಂಬ ಕಲ್ಪನೆ ಒಂದೇ. ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳಿಗೆ ಉತ್ತರಗಳು ಬೇರೆ. ಕರ್ನಲಿನ ಮೂಲಪಾಠವನ್ನು ಕಂಪೈಲರಿಗೆ ಒಪ್ಪಿಸುವ ಮೊದಲು ಕೇಳುವ ಪ್ರಶ್ನೆಗಳೂ ಇಂಥವೇ. ಪ್ರೊಸೆಸರು ಯಾವ ಕುಲದ್ದು? ದಶಮಾಂಶ ಭಿನ್ನರಾಶಿಗಳ ಲೆಕ್ಕ ಮಾಡುವ ಅಂಗ ಅದರಲ್ಲಿ ಉಂಟೆ? ಪ್ರೊಸೆಸರು ಒಂದೆ, ಹಲವೆ? ಸ್ಮೃತಿಯು ಯಾವ ವಿಳಾಸದಿಂದ ಆರಂಭವಾಗುತ್ತದೆ? ಇವುಗಳಿಗೆ ಕೊಟ್ಟ ಉತ್ತರದಂತೆ ಮೂಲಪಾಠದ ಕೆಲವು ಭಾಗಗಳು ಯಂತ್ರಭಾಷೆಗೆ ಇಳಿಯುತ್ತವೆ, ಮತ್ತೆ ಕೆಲವು ಹೊರಗುಳಿಯುತ್ತವೆ.

ಈ ಪದ್ಧತಿಯ ಮೂಲವನ್ನು ಅರಸುತ್ತ ಹೋದರೆ ನಾವು ಯೂನಿಕ್ಸ್ ವ್ಯವಸ್ಥೆಯನ್ನು ಮುಟ್ಟುತ್ತೇವೆ. 1969ರಲ್ಲಿ ಒಂದು ಯಂತ್ರದ ಭಾಷೆಯಲ್ಲಿಯೇ ಹುಟ್ಟಿದ ಅದು 1973ರಲ್ಲಿ ಸಿ ಭಾಷೆಗೆ ತಿರುಗಿ ಬರೆಯಲ್ಪಟ್ಟಿತು. 1977-78ರಲ್ಲಿ ಜಾನ್ಸನ್ ಮತ್ತು ರಿಚಿ ಅವರು ಅಮೆರಿಕದಲ್ಲಿಯೂ, ಮಿಲ್ಲರ್ ಎಂಬುವರು ಆಸ್ಟ್ರೇಲಿಯದ ವುಲಂಗಾಂಗಿನಲ್ಲಿಯೂ ಅದನ್ನು ಇಂಟರ್‌ಡೇಟಾ ಯಂತ್ರಗಳಿಗೆ ಸಾಗಿಸಿದರು. ಆಗಲೇ ಮೂಲಪಾಠದಲ್ಲಿ ಎಲ್ಲ ಯಂತ್ರಗಳಿಗೂ ಸಮಾನವಾದುದು ಯಾವುದು, ಒಂದು ಯಂತ್ರಕ್ಕೇ ಮೀಸಲಾದುದು ಯಾವುದು ಎಂಬ ವಿಂಗಡಣೆ ಅನಿವಾರ್ಯವಾದುದು. ಬರ್ಕ್ಲಿ ವಿಶ್ವವಿದ್ಯಾನಿಲಯದಿಂದ 1983ರಲ್ಲಿ ಹೊರಬಂದ 4.2 ಆವೃತ್ತಿಯಲ್ಲಿ ಕರ್ನಲನ್ನು ಕಟ್ಟುವವನು ಒಂದು ಸಣ್ಣ ಕಡತದಲ್ಲಿ ತನ್ನ ಪ್ರೊಸೆಸರಿನ ಹೆಸರನ್ನು, ವ್ಯಾಕ್ಸ್ 780 ಎಂದೋ 750 ಎಂದೋ, ಒಂದು ಸಾಲಿನಲ್ಲಿ ಬರೆದುಕೊಡುವ ಕ್ರಮವಿತ್ತು. ಇಂದಿನ ಆಯ್ಕೆಪಟ್ಟಿಗಳೆಲ್ಲಕ್ಕೂ ಆ ಒಂದು ಸಾಲು ಪೂರ್ವಜನೆನ್ನಬಹುದು.

ಲಿನಕ್ಸಿನ ಕಥೆ ಇದಕ್ಕೆ ತಿರುಗುಮುರುಗು. 1991ರಲ್ಲಿ ಟೊರ್ವಾಲ್ಡ್ಸ್ ಅದನ್ನು ಇಂಟೆಲ್ 386 ಒಂದಕ್ಕೇ ಎಂದು ಬರೆದರು. ಬೇರೆ ಯಂತ್ರಕ್ಕೆ ಸಾಗಿಸಲು ಬರುವಂಥದಲ್ಲವೆಂದು ತಾವೇ ಹೇಳಿಕೊಂಡರು. ಆದರೂ 1995ರ 1.2 ಆವೃತ್ತಿಯ ವೇಳೆಗೆ ಆಲ್ಫಾ ಮೊದಲಾದ ಯಂತ್ರಗಳು ಒಳಸೇರಿದ್ದವು. ಆರ್ಮ್ ಕುಲದ ಪ್ರೊಸೆಸರುಗಳಿಗೆ ಇಂಗ್ಲೆಂಡಿನ ರಸೆಲ್ ಕಿಂಗ್ 1994ರಲ್ಲಿಯೇ ಕೆಲಸ ಆರಂಭಿಸಿದ್ದರು. ಅವರ ತಿದ್ದುಪಡಿಗಳು ಬಹುಕಾಲ ಮುಖ್ಯ ಪಾಠದ ಹೊರಗೆ ಪ್ರತ್ಯೇಕ ಕಂತೆಯಾಗಿ ದೊರೆಯುತ್ತಿದ್ದವು. ನಮ್ಮ ವಿಷಯ ಸೇರಿಕೊಳ್ಳುವುದು ಇಲ್ಲಿ.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಗೋಷ್ಠಿಯೊಂದರಲ್ಲಿ, ಬಡ ರಾಷ್ಟ್ರಗಳ ಜನಕ್ಕೆ ಅಗ್ಗದ ಗಣಕ ಬೇಕೆಂಬ ವಿಚಾರ ಮೊಳೆಯಿತು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿತವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಇವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಇದರಲ್ಲಿ ಸೇರಿದ್ದರು. 2001ರ ಏಪ್ರಿಲಿನಲ್ಲಿ ಮೊದಲ ಮಾದರಿ ಜನರೆದುರಿಗೆ ಬಂದಿತು. ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿರಬೇಕೆಂಬುದು ಅವರ ಗುರಿ. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬೇಕು, ಒಬ್ಬೊಬ್ಬರೂ ತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕು, ಓದಲು ಬಾರದವರಿಗೆ ಯಂತ್ರವೇ ಅವರ ನುಡಿಯಲ್ಲಿ ಓದಿ ಹೇಳಬೇಕು ಎಂಬುದು ಯೋಜನೆ. ಕರ್ನಾಟಕದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಏರುತ್ತಿದ್ದ ಕಾಲ ಅದು. ಆದರೆ ಮುದ್ರಿತ ಪಹಣಿ ದೊರೆಯುತ್ತಿದ್ದುದು ತಾಲೂಕು ಕೇಂದ್ರದಲ್ಲಿ. ನಾರ್ವೆಯ ಅಡಕೆ ಬೆಳೆಗಾರನು ಅದಕ್ಕಾಗಿ ಕೊಪ್ಪಕ್ಕೆ ಹೋಗಬೇಕಾಗಿತ್ತು. ಒಂದೊಂದು ಮನೆಯೂ ತನ್ನ ತೋಟದ ಅಂಚಿನಲ್ಲಿ ಒಂಟಿಯಾಗಿರುವ ಮಲೆನಾಡಿನಲ್ಲಿ ಕೈಯಲ್ಲಿ ಹಿಡಿದು ಮನೆಮನೆಗೆ ಒಯ್ಯಬಲ್ಲ ಯಂತ್ರದ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯ ಸರ್ಕಾರವು ಭೂದಾಖಲೆಗಳ ಕಾರ್ಯಕ್ಕೆ ಸಿಂಪ್ಯೂಟರನ್ನು ಬಳಸಿಕೊಂಡುದೂ ಉಂಟು.

ಈ ಗುರಿಗಳೇ ಪ್ರೊಸೆಸರನ್ನು ಆರಿಸಿದುವು ಎನ್ನಬಹುದು. ವಿದ್ಯುತ್ತು ಆಗಾಗ ಹೋಗುವ ಊರುಗಳಿಗೆ ಬ್ಯಾಟರಿಯಿಂದ ನಡೆಯುವ ಯಂತ್ರ ಬೇಕು; ಮೇಜಿನ ಮೇಲಿನ ಇಂಟೆಲ್ ಪ್ರೊಸೆಸರುಗಳು ಕುಡಿಯುವ ವಿದ್ಯುತ್ತನ್ನು ಅದು ಒದಗಿಸಲಾರದು. ಆದುದರಿಂದ ಆರಿಸಿದುದು ಸ್ಟ್ರಾಂಗ್‌ಆರ್ಮ್ ಎಸ್‌ಎ-1110. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪೆನಿಯಲ್ಲಿ ಹುಟ್ಟಿ, 1997ರ ವ್ಯಾಜ್ಯದ ರಾಜಿಯಿಂದ ಇಂಟೆಲ್ ಕಂಪೆನಿಯ ಪಾಲಾದ ಕುಲವಿದು. ವೇಗ 206 ಮೆಗಾಹರ್ಟ್ಸ್; ಆದೇಶಗಳಿಗೆ 16 ಕಿಲೋಬೈಟು, ದತ್ತಾಂಶಕ್ಕೆ 8 ಕಿಲೋಬೈಟು ಕ್ಯಾಷ್. ಮೊದಲ ವಿನ್ಯಾಸದಲ್ಲಿ ಸ್ಮೃತಿ 32 ಮೆಗಾಬೈಟು. ಗಟ್ಟಿ ಡಿಸ್ಕ್ ಇಲ್ಲ, ಫ್ಲಾಷ್ ಮಾತ್ರ. ವ್ಯವಸ್ಥೆ ಲಿನಕ್ಸ್.

ಇಂತಹ ಪ್ರೊಸೆಸರಿಗೆ ಕರ್ನಲನ್ನು ಕಟ್ಟುವಾಗ ಎದುರಾಗುವ ಪ್ರಶ್ನೆಗಳಲ್ಲಿ ಅತ್ಯಂತ ಭಾರವಾದುದು ಭಿನ್ನರಾಶಿಗಳ ಲೆಕ್ಕದ್ದು. ಸ್ಟ್ರಾಂಗ್‌ಆರ್ಮಿನಲ್ಲಿ ಅದಕ್ಕೆ ಅಂಗವಿಲ್ಲ. ಪ್ರೋಗ್ರಾಮಿನಲ್ಲಿ ಅಂತಹ ಆದೇಶವೊಂದು ಬಂದರೆ ಪ್ರೊಸೆಸರು 'ಇದು ನನಗೆ ತಿಳಿಯದು' ಎಂದು ಕೆಲಸ ನಿಲ್ಲಿಸಿ ಕರ್ನಲಿಗೆ ಒಪ್ಪಿಸುತ್ತದೆ. ಕರ್ನಲನ್ನು ಕಟ್ಟುವಾಗ ಅನುಕರಣ ವಿಭಾಗವನ್ನು ಸೇರಿಸಿದ್ದರೆ, ಅದು ಆದೇಶವನ್ನು ಬಿಡಿಸಿ ಓದಿ, ಪೂರ್ಣಾಂಕಗಳ ಲೆಕ್ಕದಿಂದಲೇ ಉತ್ತರವನ್ನು ಸಾಧಿಸಿ, ಪ್ರೋಗ್ರಾಮನ್ನು ಮುಂದುವರಿಸುತ್ತದೆ. ಸೇರಿಸದಿದ್ದರೆ ಪ್ರೋಗ್ರಾಮು ಅಲ್ಲಿಯೇ ಸಾಯುತ್ತದೆ. ನೆಟ್‌ವೈಂಡರ್ ಎಂಬ ಯಂತ್ರಕ್ಕಾಗಿ ಸ್ಕಾಟ್ ಬ್ಯಾಂಬ್ರೊ ಸಿದ್ಧಪಡಿಸಿದ ಅನುಕರಣ ವಿಭಾಗ ಆ ಕಾಲದ ಆರ್ಮ್ ಕರ್ನಲುಗಳಲ್ಲಿ ದೊರೆಯುತ್ತಿತ್ತು. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಪ್ರತಿಯೊಂದು ಗುಣಾಕಾರಕ್ಕೂ ಒಮ್ಮೆ ಕರ್ನಲಿನ ಬಾಗಿಲು ತಟ್ಟಿ ಬರಬೇಕಾದುದರಿಂದ ಕಾಲವ್ಯಯ ಅಪಾರ. ಪಕ್ಕದ ಮನೆಯ ಲೆಕ್ಕಿಗನನ್ನು ಕರೆಸಿ ಕೂಡಿಸುವಿಕೆಯನ್ನೂ ಮಾಡಿಸುವ ರೀತಿ ಇದು.

ಇದೇ ನಗರದಲ್ಲಿ ಹದಿನೈದು ವರ್ಷಗಳ ಹಿಂದೆ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ 1986ರಲ್ಲಿ ಕಟ್ಟಿದ ಫ್ಲೊಸಾಲ್ವರ್ ಎಂಬ ಸಮಾಂತರ ಗಣಕವು ಇಂಟೆಲ್ 8086 ಪ್ರೊಸೆಸರುಗಳನ್ನೂ ಅವುಗಳ ಜೊತೆಗೆ 8087 ಎಂಬ ಸಹಾಯಕ ಪ್ರೊಸೆಸರುಗಳನ್ನೂ ಹೊಂದಿತ್ತು. ಗಾಳಿಯ ಹರಿವಿನ ಸಮೀಕರಣಗಳನ್ನು ಬಿಡಿಸುವುದೇ ಅದರ ಕೆಲಸವಾದುದರಿಂದ ಭಿನ್ನರಾಶಿಗಳ ಅಂಗವೇ ಅಲ್ಲಿ ಪ್ರಧಾನ. ಸಿಂಪ್ಯೂಟರಿನವರು ಬಿಟ್ಟುಕೊಟ್ಟುದು ನೇರವಾಗಿ ಅದನ್ನೇ. ವಿಜ್ಞಾನಿಯ ಲೆಕ್ಕಕ್ಕೂ ರೈತನ ಪಹಣಿಗೂ ಬೇಕಾದ ಯಂತ್ರಗಳು ಬೇರೆ ಎಂಬ ನಿರ್ಣಯ ಆ ಆಯ್ಕೆಯಲ್ಲಿ ಅಡಗಿದೆ, ಮತ್ತು ಅದು ಸರಿಯಾದ ನಿರ್ಣಯವೆಂದೇ ನಮ್ಮ ಮತ. ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಸಿದ್ಧವಾದ 'ಧ್ವನಿ' ಎಂಬ ವಾಚನ ತಂತ್ರವು ಕನ್ನಡವೇ ಮೊದಲಾದ ಭಾಷೆಗಳ ಪಾಠವನ್ನು ಓದಿ ಹೇಳುತ್ತಿತ್ತು. ಮೊದಲೇ ಮುದ್ರಿಸಿಟ್ಟ ಸಣ್ಣ ಸಣ್ಣ ಧ್ವನಿಖಂಡಗಳನ್ನು ಜೋಡಿಸುವುದು ಅದರ ವಿಧಾನ. ನಾದದ ಅಲೆಯನ್ನು ಸೂತ್ರದಿಂದ ಬುಡಮಟ್ಟ ಲೆಕ್ಕ ಹಾಕಿ ಸೃಷ್ಟಿಸುವ ವಿಧಾನಗಳಿಗಿಂತ ಇದು ಇಂತಹ ಬಡ ಪ್ರೊಸೆಸರಿಗೆ ಹೆಚ್ಚು ಒಪ್ಪುವಂಥದು.

ಎರಡನೆಯ ಪ್ರಶ್ನೆ ಸ್ಮೃತಿಯ ವಿಳಾಸದ್ದು. ಮೇಜಿನ ಗಣಕಗಳಲ್ಲಿ ಸ್ಮೃತಿಯು ಸೊನ್ನೆಯಿಂದ ಎಣಿಕೆಯಾಗುತ್ತದೆ. ಎಸ್‌ಎ-1110ರಲ್ಲಿ ಸೊನ್ನೆಯ ಕಡೆ ಫ್ಲಾಷ್ ಕುಳಿತಿದೆ. ಸ್ಮೃತಿಯು ಮೂರು ಗಿಗಾಬೈಟಿನ ಗುರುತಿನಿಂದ ಮೊದಲಾಗುತ್ತದೆ. ಅಲ್ಲಿಯೂ ಅದು ಅಖಂಡವಲ್ಲ. 128 ಮೆಗಾಬೈಟುಗಳಿಗೊಂದರಂತೆ ನಾಲ್ಕು ಸಾಲುಗಳಿಗೆ ಜಾಗ ಬಿಟ್ಟಿದೆ, ನಡುವೆ ಬರಿದು. ಆಗಿನ ಆರ್ಮ್ ಕರ್ನಲುಗಳಲ್ಲಿ ಈ ಆರಂಭದ ವಿಳಾಸವನ್ನು ಕಟ್ಟುವಾಗಲೇ ಅಚ್ಚೊತ್ತಿಬಿಡುತ್ತಿದ್ದರು. ಒಂದು ಯಂತ್ರಕ್ಕೆ ಕಟ್ಟಿದ ಕರ್ನಲು ಇನ್ನೊಂದರಲ್ಲಿ ಏಳುತ್ತಲೇ ಇರಲಿಲ್ಲ. ಇದರ ಮೇಲೆ ಯಂತ್ರಸಂಖ್ಯೆಯ ನಿಯಮ ಬೇರೆ. ಒಂದೊಂದು ಮಾದರಿಗೂ ರಸೆಲ್ ಕಿಂಗ್ ಅವರ ದಫ್ತರಿನಲ್ಲಿ ಒಂದು ಸಂಖ್ಯೆ ನೋಂದಣಿಯಾಗಬೇಕು. ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮು ಆ ಸಂಖ್ಯೆಯನ್ನು ನಿಗದಿಯಾದ ರಿಜಿಸ್ಟರಿನಲ್ಲಿಟ್ಟು ಕರ್ನಲಿಗೆ ಕೊಡಬೇಕು. ಸಂಖ್ಯೆ ತಪ್ಪಿದರೆ ಕರ್ನಲು ಮುಂದುವರಿಯದು.

ಉಳಿದುವನ್ನು ಸಂಗ್ರಹವಾಗಿ ಹೇಳಬಹುದು. ಪ್ರೊಸೆಸರು ಒಂದೇ ಆದುದರಿಂದ ಬಹುಪ್ರೊಸೆಸರುಗಳ ಆಯ್ಕೆಯನ್ನು ಬಿಟ್ಟರೆ, ಹಲವು ಪ್ರೊಸೆಸರುಗಳು ಒಂದಕ್ಕೊಂದು ಅಡ್ಡ ಬಾರದಂತೆ ಹಾಕುವ ಬೀಗಗಳೆಲ್ಲ ಯಂತ್ರಭಾಷೆಗೆ ಇಳಿಯುವಾಗ ಮಾಯವಾಗುತ್ತವೆ. 32 ಮೆಗಾಬೈಟಿನ ಯಂತ್ರದಲ್ಲಿ ಈ ಉಳಿತಾಯ ಕ್ಷುಲ್ಲಕವಲ್ಲ. ನಾಲ್ಕು ಬೈಟಿನ ಪದವು ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿಯೇ ಇರಬೇಕೆಂಬ ಕಟ್ಟುಪಾಡು ಈ ಕುಲದಲ್ಲಿದೆ. ಮೇಜಿನ ಗಣಕದಲ್ಲಿ ನಿರಾತಂಕವಾಗಿ ನಡೆಯುತ್ತಿದ್ದ ಪ್ರೋಗ್ರಾಮು ಇಲ್ಲಿ ತಪ್ಪು ಬೆಲೆಯನ್ನು ಓದಿಬಿಡಬಹುದು. ಅದನ್ನು ಹಿಡಿಯುವುದಕ್ಕೂ ಒಂದು ಆಯ್ಕೆಯಿದೆ. ದತ್ತಾಂಶದ ಕ್ಯಾಷನ್ನು ಪೂರ್ತಿಯಾಗಿ ತೊಳೆಯಲು ಈ ಪ್ರೊಸೆಸರಿನಲ್ಲಿ ಒಂದೇ ಆದೇಶವಿಲ್ಲ. ಓದಿದಾಗಲೆಲ್ಲ ಸೊನ್ನೆಯನ್ನೇ ಕೊಡುವ ಒಂದು ವಿಶೇಷ ಪ್ರದೇಶ ಮೂರೂವರೆ ಗಿಗಾಬೈಟಿನ ಗುರುತಿನಲ್ಲಿದೆ. ಕರ್ನಲು ಆ ಸೊನ್ನೆಗಳನ್ನು ಓದಿಯೋದಿ ಹಳೆಯ ದತ್ತಾಂಶವನ್ನು ಹೊರದೂಡುತ್ತದೆ! ಇಂತಹ ವಿಚಿತ್ರಗಳೆಲ್ಲವೂ ಆಯ್ಕೆಪಟ್ಟಿಯ ಒಂದೇ ಒಂದು 'ಹೌದು' ಎಂಬ ಉತ್ತರದ ಹಿಂದೆ ಅಡಗಿ ಕುಳಿತಿರುತ್ತವೆ. ಆ ಪಟ್ಟಿಯ ರಚನೆಯೂ ಆಗ ಬದಲಾಗುತ್ತಿತ್ತು: ಒಂದಾದ ಮೇಲೊಂದು ಪ್ರಶ್ನೆ ಕೇಳುವ ಹಳೆಯ ಲಿಪಿಗಳ ಸ್ಥಾನಕ್ಕೆ 2002ರಲ್ಲಿ ರೋಮನ್ ಝಿಪ್ಪೆಲ್ ಅವರ ಹೊಸ ಕ್ರಮ ಬಂದಿತು. ಆಯ್ಕೆಗಳ ಪರಸ್ಪರ ಅವಲಂಬನೆಯನ್ನು ಅದು ತಾನೇ ನೋಡಿಕೊಳ್ಳುತ್ತದೆ.

ಸಿಂಪ್ಯೂಟರಿನ ಮುಂದಿನ ಕಥೆ ಸುಪರಿಚಿತ. 2004ರ ಮಾರ್ಚಿಯಲ್ಲಿ ಪಿಕೊಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡ' ಎಂಬ ರೂಪವನ್ನು ಮಾರುಕಟ್ಟೆಗೆ ತಂದಿತು. ಆರಂಭದ ಬೆಲೆ ಹತ್ತು ಸಾವಿರ ರೂಪಾಯಿಯ ಹತ್ತಿರ. ಆದರೆ ಮಾರಾಟವಾದುವು ಕೆಲವು ಸಾವಿರ ಮಾತ್ರ. ಬೆಲೆ ಹೆಚ್ಚಾಯಿತು, ಸರ್ಕಾರಗಳು ಕೊಳ್ಳಲಿಲ್ಲ, ಕೈಫೋನು ಬಂದು ಜಾಗ ಹಿಡಿಯಿತು ಎಂದು ಸಾಮಾನ್ಯವಾಗಿ ಕಾರಣ ಹೇಳುತ್ತಾರೆ. ಇವು ನಿಜವೇ ಹೌದು. ಆದರೆ ಕರ್ನಲಿನ ಕಡೆಯಿಂದ ನೋಡಿದರೆ ಮತ್ತೊಂದು ಕಾರಣ ಕಾಣುತ್ತದೆ. ಅದನ್ನು ವಿದ್ವಾಂಸರು ತಕ್ಕಷ್ಟು ಗಮನಿಸಿಲ್ಲವೆಂದು ನಮಗೆ ತೋರುತ್ತದೆ. ಟ್ರಸ್ಟಿನವರು ತಂತ್ರಾಂಶವನ್ನಷ್ಟೇ ಅಲ್ಲದೆ ಯಂತ್ರಫಲಕದ ವಿನ್ಯಾಸವನ್ನೂ ಸಾರ್ವಜನಿಕ ಪರವಾನಗಿಯ ಮೇಲೆ ಬಿಟ್ಟುಕೊಟ್ಟಿದ್ದರು. ಆ ಕಾಲಕ್ಕೆ ಇದು ಬಹು ದಿಟ್ಟ ಹೆಜ್ಜೆ. ಹಾಗಿದ್ದರೂ ಫಲಕದ ನಡುವೆ ಕುಳಿತ ಪ್ರೊಸೆಸರು ಪರರ ಸ್ವತ್ತು. 2002ರಲ್ಲಿ ಇಂಟೆಲ್ ಕಂಪೆನಿ ಎಕ್ಸ್‌ಸ್ಕೇಲ್ ಕುಲದ ಪಿಎಕ್ಸ್‌ಎ250ನ್ನು ಹೊರತಂದು ಸ್ಟ್ರಾಂಗ್‌ಆರ್ಮಿನಿಂದ ಮುಖ ತಿರುಗಿಸಿತು. 2006ರಲ್ಲಿ ಆ ವ್ಯವಹಾರವನ್ನೂ ಮಾರ್ವೆಲ್ ಕಂಪೆನಿಗೆ ಮಾರಿತು. ಹೊಸ ಪ್ರೊಸೆಸರಿಗೆ ಹೋಗುವುದೆಂದರೆ ಮೇಲೆ ವಿವರಿಸಿದ ಪ್ರಶ್ನೆಗಳಿಗೆಲ್ಲ ಮತ್ತೆ ಉತ್ತರ ಹುಡುಕುವುದು, ವಿಳಾಸಗಳನ್ನು ಮತ್ತೆ ಜೋಡಿಸುವುದು, ಪ್ರತಿಯೊಂದು ಸಾಧನದ ಚಾಲಕವನ್ನೂ ಮತ್ತೆ ಪರೀಕ್ಷಿಸುವುದು. ದೊಡ್ಡ ಕಂಪೆನಿಗೆ ಇದು ಖರ್ಚಿನ ಒಂದು ಬಾಬು. ಕೆಲವೇ ಜನರ ಸಂಸ್ಥೆಗೆ ಪ್ರಾಣಕ್ಕೆ ಬರುವ ಮಾತು.

ಬಳಿಕ ಬಂದ ಪರಿಷ್ಕಾರಗಳು ಈ ಮಾತಿಗೆ ಬೆಂಬಲವಾಗಿವೆ. ಆರ್ಮ್ ವಿಭಾಗದಲ್ಲಿ ಯಂತ್ರಕ್ಕೊಂದು ಪಾಠ ಬೆಳೆಯುತ್ತಿರುವ ಅವ್ಯವಸ್ಥೆಯನ್ನು 2011ರಲ್ಲಿ ಟೊರ್ವಾಲ್ಡ್ಸ್ ಖಂಡಿಸಿದರು. ಫಲಕದ ವಿವರಗಳನ್ನು ಮೂಲಪಾಠದಿಂದ ತೆಗೆದು ಡಿವೈಸ್ ಟ್ರೀ ಎಂಬ ಪ್ರತ್ಯೇಕ ಕಡತಕ್ಕೆ ವರ್ಗಾಯಿಸಲಾಯಿತು; ಸ್ಮೃತಿಯ ಆರಂಭವನ್ನು ಯಂತ್ರ ಏಳುವಾಗಲೇ ಕಂಡುಕೊಳ್ಳುವ ಉಪಾಯ ಬಂದಿತು; 2012ರ ಡಿಸೆಂಬರಿನ 3.7 ಆವೃತ್ತಿಯಿಂದ ಒಂದೇ ಕರ್ನಲು ಹಲವು ಆರ್ಮ್ ಯಂತ್ರಗಳಲ್ಲಿ ನಡೆಯುವಂತಾಯಿತು. ಈ ಅನುಕೂಲವು ಹತ್ತು ವರ್ಷ ಮೊದಲೇ ದೊರೆತಿದ್ದರೆ ಬೆಂಗಳೂರಿನವರ ಹೊರೆ ಎಷ್ಟೋ ಇಳಿಯುತ್ತಿತ್ತು. ಅತ್ತ ಇಂಟೆಲ್ ಕಡೆಯಲ್ಲಿ, ಲಿನಕ್ಸ್ ಯಾವುದಕ್ಕಾಗಿ ಹುಟ್ಟಿತೋ ಆ 386 ಪ್ರೊಸೆಸರಿನ ಆಯ್ಕೆಯೇ 2013ರ 3.8 ಆವೃತ್ತಿಯಲ್ಲಿ ಪಟ್ಟಿಯಿಂದ ಅಳಿಯಿತು. ಇನ್ನು ಪ್ರೊಸೆಸರಿನ ಆದೇಶಸಂಹಿತೆಯೇ ಮುಕ್ತವಾದ ರಿಸ್ಕ್-ವಿ 2018ರ ಜನವರಿಯ 4.15 ಆವೃತ್ತಿಯಲ್ಲಿ ಲಿನಕ್ಸಿಗೆ ಸೇರಿತು. ಅದೇ ವರ್ಷ ಮದರಾಸಿನ ಐಐಟಿಯ ಶಕ್ತಿ ಪ್ರೊಸೆಸರಿನ ಮೇಲೆ ಲಿನಕ್ಸ್ ನಡೆಯಿತು. ಸಿಂಪ್ಯೂಟರಿನವರು ಫಲಕದವರೆಗೆ ಒಯ್ದಿದ್ದ ಮುಕ್ತತೆ ಅಲ್ಲಿ ಪ್ರೊಸೆಸರಿನ ಒಳಗನ್ನೇ ಹೊಕ್ಕಿತು.

ಹಳೆಯ ಆರ್ಮ್ ಯಂತ್ರಗಳನ್ನು ಏಕಕರ್ನಲಿನ ಕ್ರಮಕ್ಕೆ ತರುವ ಕೆಲಸ ಮುಗಿದುದು 2022ರ ಜುಲೈನಲ್ಲಿ, 5.19 ಆವೃತ್ತಿಯೊಡನೆ. ಆಗ ಹೊರಗೆ ಉಳಿದುವು ಸ್ಟ್ರಾಂಗ್‌ಆರ್ಮ್ ಕುಲದ ಮೂರು ಯಂತ್ರವರ್ಗಗಳು ಮಾತ್ರ. ಎಸ್‌ಎ-1110 ಸೇರಿದ ವರ್ಗ ಅವುಗಳಲ್ಲಿ ಒಂದು.