ಬುಲೆಟ್ಟಿನ ಎಣ್ಣೆ, ಪ್ಯಾರೀಸಿನ ಪ್ಯಾಕಿಂಗು

ಹಳೇ ಬುಲೆಟ್ ನಿಂತು ಹೋದ ಜಾಗ ಗುರುತು ಹಿಡಿಯಲು ಪತ್ತೇದಾರರು ಬೇಕಿಲ್ಲ. ನೆಲದ ಮೇಲೆ ಎಂಟಾಣೆ ಅಗಲದ ಕಪ್ಪು ಚುಕ್ಕೆ ಇದ್ದರೆ ಸಾಕು. ಬುಲೆಟ್ ಸವಾರರಲ್ಲಿ ಒಂದು ಹಳೇ ಜೋಕಿದೆ: ಎಣ್ಣೆ ಸೋರುತ್ತಿದ್ದರೆ ಗಾಬರಿ ಬೇಡ, ಸೋರುವುದು ನಿಂತರೆ ಗಾಬರಿಯಾಗಿ, ಒಳಗೆ ಎಣ್ಣೆ ಮುಗಿದಿದೆ ಅಂತ! ನಗುವುದಕ್ಕೇನೋ ಚೆನ್ನಾಗಿದೆ. ಆದರೆ ಈ ಜೋಕನ್ನೇ ನಂಬಿಕೊಂಡು, ಎಲ್ಲಿಂದ ಸೋರುತ್ತಿದೆ ಅಂತ ನೋಡದೆ ವರ್ಷಗಟ್ಟಲೆ ಗಾಡಿ ಓಡಿಸಿದವರು ಬೇಕಾದಷ್ಟು ಜನ ಇದ್ದಾರೆ. ಆ ಚುಕ್ಕೆಗೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನಲ್ಲಿ ಶುರುವಾಗಿ ಮದ್ರಾಸಿನ ತಿರುವೊತ್ತಿಯೂರಿಗೆ ಬಂದ ಚರಿತ್ರೆ ಅದು. ಮದ್ದು ಸಿಗುತ್ತಿದ್ದದ್ದು ಮಾತ್ರ ಪ್ಯಾರೀಸ್ ಕಾರ್ನರಿನ ಸಂದಿಗಳಲ್ಲಿ.

ಬೆಂಗಳೂರು ಕಡೆಯಿಂದ ಬಸ್ಸಿನಲ್ಲಿ ಬಂದ ನಮ್ಮವರಿಗೆ ಮದ್ರಾಸು ಅಂದರೆ ಮೊದಲು ಕಂಡದ್ದೇ ಪ್ಯಾರೀಸು. 2002ರ ನವೆಂಬರಿನಲ್ಲಿ ಕೋಯಂಬೇಡು ನಿಲ್ದಾಣ ಶುರುವಾಗುವ ತನಕ ಪರ ಊರಿನ ಬಸ್ಸುಗಳು ಬಂದು ನಿಲ್ಲುತ್ತಿದ್ದದ್ದು ಇಲ್ಲೇ. ಬೆಳಗಿನ ಜಾವ ಕಣ್ಣುಜ್ಜಿಕೊಂಡು ಇಳಿದರೆ ಎದುರಿಗೆ ಹೈಕೋರ್ಟಿನ ಕೆಂಪು ಗೋಪುರ, ಮೂಗಿಗೆ ಬಂದರಿನ ಉಪ್ಪುಗಾಳಿ. ಪ್ಯಾರಿ ಅಂದರೆ ಕಾಫಿ ಬೈಟ್ ಚಾಕಲೇಟು ಅಂತಷ್ಟೇ ತಿಳಿದಿದ್ದ ನಮಗೆ ಆ ಹೆಸರಿನ ಒಂದು ಮೂಲೆಯೂ ಇದೆ ಅಂತ ಗೊತ್ತಾದದ್ದು ಆಗಲೇ. 1788ರಲ್ಲಿ ವೇಲ್ಸ್‌ನಿಂದ ಬಂದ ಥಾಮಸ್ ಪ್ಯಾರಿ ಎಂಬ ವ್ಯಾಪಾರಿಯ ಹೆಸರು ಅದು. ಮೂಲೆಯಲ್ಲಿ ಈಗಲೂ ನಿಂತಿರುವ ಡೇರ್ ಹೌಸಿಗೆ ಅವನ ಕಂಪನಿಯ ಪಾಲುದಾರನೊಬ್ಬನ ಹೆಸರು. ಎಣ್ಣೆಯ ವಿಷಯ ಬಂದಿದ್ದರಿಂದ ಒಂದು ಮಾತು: 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಹಡಗು ಗುಂಡು ಹೊಡೆದು ಸುಟ್ಟದ್ದು ಬಂದರಿನ ಬಳಿಯಿದ್ದ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳನ್ನು. ಹೈಕೋರ್ಟಿನ ಗೋಡೆಯಲ್ಲಿ ಅದರ ನೆನಪಿನ ಫಲಕವಿದೆ. ಈ ವಠಾರದ ಅತಿ ದೊಡ್ಡ ಎಣ್ಣೆ ಸೋರಿಕೆ ಅದೇ ಇರಬೇಕು. ಇರಲಿ.

ಬುಲೆಟ್ಟಿಗೆ ಬರೋಣ. ರೆಡ್ಡಿಚ್ ಎಂಬ ಊರಿನ ಎನ್‌ಫೀಲ್ಡ್ ಸೈಕಲ್ ಕಂಪನಿ ಬುಲೆಟ್ ಹೆಸರನ್ನು 1930ರ ದಶಕದಿಂದಲೇ ಬಳಸುತ್ತಿತ್ತು. ನಾವು ನೋಡಿದ ರೂಪದ 350 ಮಾರುಕಟ್ಟೆಗೆ ಬಂದದ್ದು 1949ರ ಹೊತ್ತಿಗೆ. ಸ್ವಾತಂತ್ರ್ಯ ಬಂದ ಮೇಲೆ ಗಡಿ ಕಾಯಲು ಗಟ್ಟಿಮುಟ್ಟಾದ ಗಾಡಿ ಬೇಕೆಂದು ನಮ್ಮ ಸೈನ್ಯ ಹುಡುಕಿ ಆರಿಸಿಕೊಂಡದ್ದು ಇದನ್ನೇ. ತರಿಸಿಕೊಟ್ಟವರು ಮದ್ರಾಸ್ ಮೋಟಾರ್ಸ್. 1955ರಲ್ಲಿ ಇಬ್ಬರೂ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದರು. ಪ್ಯಾರೀಸಿನಿಂದ ಕಡಲ ದಂಡೆ ಹಿಡಿದು ರಾಯಪುರಂ, ತಂಡಯಾರ್‌ಪೇಟೆ ದಾಟಿ ಉತ್ತರಕ್ಕೆ ಹೋದರೆ ಸಿಗುವ ತಿರುವೊತ್ತಿಯೂರಿನಲ್ಲಿ ಫ್ಯಾಕ್ಟರಿ. ಮೊದಮೊದಲು ಬಿಡಿಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು, ಆಮೇಲೆ ಎಲ್ಲವೂ ಇಲ್ಲೇ ತಯಾರಾದವು. 1970ರ ಹೊತ್ತಿಗೆ ಇಂಗ್ಲೆಂಡಿನ ಕಂಪನಿ ಬಾಗಿಲು ಹಾಕಿತು. ತಿರುವೊತ್ತಿಯೂರಿನದು ನಿಲ್ಲಲಿಲ್ಲ. 1977ರಲ್ಲಿ ಇಲ್ಲಿ ಮಾಡಿದ ಬುಲೆಟ್ಟುಗಳು ಅದೇ ಇಂಗ್ಲೆಂಡಿಗೆ ರಫ್ತಾದವು! ಅಲ್ಲಿನ ಮುದುಕರಿಗೆ ಪೆಟ್ಟಿಗೆ ಬಿಚ್ಚುವ ಮೊದಲೇ ಇದು ಎಲ್ಲೆಲ್ಲಿ ಸೋರುತ್ತದೆ ಅಂತ ಗೊತ್ತಿದ್ದಿರಬೇಕು.

ಯಾಕೆಂದರೆ ಎಂಜಿನ್ನು ಅದೇ. ಲೈಸೆನ್ಸು, ಪರ್ಮಿಟ್ಟುಗಳ ಆ ಕಾಲದಲ್ಲಿ ಗಾಡಿ ಬುಕ್ ಮಾಡಿ ಕಾಯುವವರಿದ್ದರು, ಪೈಪೋಟಿ ಇರಲಿಲ್ಲ. ಬದಲಾಯಿಸುವ ದರ್ದು ಯಾರಿಗೆ? ಎಪ್ಪತ್ತು ಮಿಲಿಮೀಟರ್ ಅಗಲ, ತೊಂಬತ್ತು ಮಿಲಿಮೀಟರ್ ಓಟದ ಆ ಒಂಟಿ ಪಿಸ್ಟನ್ ದಶಕಗಳ ಕಾಲ ಹಾಗೇ ಕುಣಿಯಿತು.

ಈ ಎಂಜಿನ್ನಿನ ರಚನೆ ತಿಳಿದರೆ ಸೋರಿಕೆಯ ಗುಟ್ಟು ಅರ್ಧ ತಿಳಿದ ಹಾಗೆ. ಕ್ರ್ಯಾಂಕ್‌ಕೇಸು ಕಡಲೆಬೀಜದ ಸಿಪ್ಪೆಯ ಹಾಗೆ ಉದ್ದಕ್ಕೆ ಎರಡು ಹೋಳು. ಎರಡು ಲೀಟರಿಗೂ ಮಿಕ್ಕಿದ ಎಣ್ಣೆ ಅದರ ಹಿಂಭಾಗದಲ್ಲೇ ಒಂದು ತೊಟ್ಟಿಯಲ್ಲಿ. ಅದನ್ನು ಮೇಲೆ ಕಳಿಸಲು ಒಂದು ಪುಟ್ಟ ಪಂಪು, ಕೆಳಗೆ ಬಿದ್ದದ್ದನ್ನು ವಾಪಸು ತೊಟ್ಟಿಗೆ ಎತ್ತಲು ಇನ್ನೊಂದು. ಗೇರ್‌ಬಾಕ್ಸು ಬೇರೆ, ಅದಕ್ಕೆ ಗ್ರೀಸು. ಎಡಗಡೆಯ ಚೈನ್ ಕವರಿಗೆ ಮತ್ತೊಂದು ಪಾಲು ಎಣ್ಣೆ. ಅಷ್ಟು ದೊಡ್ಡ ಕವರನ್ನು ಹಿಡಿದಿಟ್ಟಿರುವುದು ನಡುವಿನ ಒಂದೇ ಒಂದು ನಟ್ಟು, ಅಂಚಿನಲ್ಲಿ ಒಂದು ರಬ್ಬರ್ ರಿಂಗು! ಹೀಗಾಗಿ ಕೆಳಗೆ ಬಿದ್ದ ಹನಿ ಯಾವ ಮನೆಯದ್ದು ಅಂತ ಮೊದಲು ತೀರ್ಮಾನವಾಗಬೇಕು. ಕಪ್ಪಗಿದ್ದರೆ ಎಂಜಿನ್ನಿನದು, ಜಿಡ್ಡು ಮುದ್ದೆಯಾಗಿದ್ದರೆ ಗೇರ್‌ಬಾಕ್ಸಿನದು.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಅಷ್ಟು ದೊಡ್ಡ ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರ ಕೆಳಗಿನ ಗಾಳಿ ಅದುಮಿಕೊಳ್ಳುತ್ತದೆ. ಆ ಗಾಳಿ ಹೊರಗೆ ಹೋಗಲು ಒಂದು ಬ್ರೀದರ್ ಪೈಪು, ಹೋದ ಗಾಳಿ ವಾಪಸು ಬಾರದ ಹಾಗೆ ಒಂದು ವಾಲ್ವು. ಗಾಳಿಯ ಜೊತೆ ಸ್ವಲ್ಪ ಎಣ್ಣೆ ಮಂಜೂ ಹೊರಬರುವುದು ಸಹಜ. ಈ ದಾರಿ ಕಟ್ಟಿಕೊಂಡರೆ ಗಾಳಿ ಸುಮ್ಮನಿರುತ್ತದೆಯೇ? ಎಲ್ಲೆಲ್ಲಿ ಪ್ಯಾಕಿಂಗ್ ಇದೆಯೋ ಅಲ್ಲೆಲ್ಲ ಎಣ್ಣೆಯನ್ನು ತಳ್ಳಿಕೊಂಡು ಹೊರಬರುತ್ತದೆ.

ನಮ್ಮ ಮೈಸೂರಿನ ಗಾಡಿಯನ್ನೂ ಇಲ್ಲಿ ನೆನೆಯಬೇಕು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾದಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ, ಟೂ ಸ್ಟ್ರೋಕ್. ಪೆಟ್ರೋಲಿಗೇ ಎಣ್ಣೆ ಬೆರೆಸುವುದರಿಂದ ಎಂಜಿನ್ನಿಗೆ ಎಣ್ಣೆ ತೊಟ್ಟಿಯೇ ಇಲ್ಲ. ಅದರ ತಂಟೆ ಬೇರೆ: ಕ್ರ್ಯಾಂಕಿನ ಆಯಿಲ್ ಸೀಲ್ ಸವೆದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ನು ಒಳಗೇ ಹೀರಿಕೊಂಡು ಸುಟ್ಟುಬಿಡುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಗೇರ್‌ಬಾಕ್ಸು ಖಾಲಿ. ಬುಲೆಟ್ಟು ಪಾಪ, ಕದ್ದು ಮುಚ್ಚಿ ಸೋರುವ ಪೈಕಿಯಲ್ಲ.

ಇದೆಲ್ಲ ನನಗೆ ಪುಸ್ತಕದಿಂದ ಬಂದ ಜ್ಞಾನವಲ್ಲ. ತಿರುವಲ್ಲಿಕೇಣಿಯ ಬಾಡಿಗೆ ಮನೆಯಲ್ಲಿದ್ದಾಗ ನನ್ನ ಹತ್ತಿರ ಬೆಂಗಳೂರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಬುಲೆಟ್ ಇತ್ತು. 1991ರ ಡಿಸೆಂಬರ್. ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ತಮಿಳರ ಮೇಲೆ ಹಲ್ಲೆಯಾದ ಸುದ್ದಿ ಮದ್ರಾಸಿನ ಪತ್ರಿಕೆಗಳ ತುಂಬ. ನನ್ನ ಗಾಡಿಗೋ ಸಿಎ ಅಂತ ಶುರುವಾಗುವ ಕರ್ನಾಟಕದ ಹಳೇ ನಂಬರು. ರಸ್ತೆಯಲ್ಲಿ ಯಾರಾದರೂ ಎರಡು ಸಲ ತಿರುಗಿ ನೋಡಿದರೆ ಎದೆ ಡವಡವ. ಅದೇ ಹೊತ್ತಿಗೆ ಮಾರ್ಗಳಿ ಮಾಸ ಬಂತು. ಮನೆಯೊಡತಿ ಮಾಮಿ ನಸುಕಿನಲ್ಲೆದ್ದು ಬಾಗಿಲ ಮುಂದೆ ಬೀದಿಯಗಲದ ಕೋಲ ಹಾಕುವ ಕಾಲ. ನಾನು ಗಾಡಿ ನಿಲ್ಲಿಸುತ್ತಿದ್ದದ್ದು ಅಲ್ಲೇ. ಸಗಣಿ ಸಾರಿಸಿದರೂ, ತೊಳೆದರೂ ಹೋಗದ ಎಣ್ಣೆ ಕಲೆ. ಅದರ ಮೇಲೆ ಅಕ್ಕಿ ಹಿಟ್ಟು ಹಿಡಿಯುವುದಿಲ್ಲ.

ಮಾಮಿ ಕಾವೇರಿಯ ವಿಷಯ ಎತ್ತಲೇ ಇಲ್ಲ. ನನ್ನನ್ನು ಕರೆದು, "ನೋಡಪ್ಪಾ, ನೀನೂ ಇರು, ನಿನ್ನ ಗಾಡಿಯೂ ಇರಲಿ. ಎಣ್ಣೆ ಮಾತ್ರ ಇರಕೂಡದು. ಪೊಂಗಲ್ ಒಳಗೆ ನಿಲ್ಲಿಸು, ಆಗದಿದ್ದರೆ ಬೇರೆ ಮನೆ ನೋಡಿಕೋ" ಅಂದರು. ನ್ಯಾಯವಾದ ಮಾತೇ. ಆದರೆ ಆ ತಿಂಗಳಲ್ಲಿ ಕನ್ನಡದವನೊಬ್ಬ ಮದ್ರಾಸಿನಲ್ಲಿ ಹೊಸ ಬಾಡಿಗೆ ಮನೆ ಹುಡುಕಿಕೊಂಡು ಹೊರಡುವುದು ಹೇಗಿರುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಅಷ್ಟರಲ್ಲಾಗಲೇ ಒಬ್ಬ ಮೆಕ್ಯಾನಿಕ್ ಹತ್ತಿರ ಎರಡು ಸಲ ಟೈಮಿಂಗ್ ಕವರಿನ ಪ್ಯಾಕಿಂಗ್ ಬದಲಾಯಿಸಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ! ಕೊನೆಗೆ ಆಫೀಸಿನವರೊಬ್ಬರು ರಾಯಪುರಂ ಕಡೆಯ ಹಿರಿಯ ಮೆಕ್ಯಾನಿಕ್ಕೊಬ್ಬರ ಹತ್ತಿರ ಕಳಿಸಿದರು. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದದ್ದು. ಅಣ್ಣ ಸ್ಪ್ಯಾನರ್ ಮುಟ್ಟಲಿಲ್ಲ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟರು. ಆಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಮೇಲಿಂದ ಕೆಳಗೆ ಉದುರಿಸಿದರು. ಗಾಡಿ ಸ್ಟಾರ್ಟ್ ಮಾಡಿ ಕಾಲು ಗಂಟೆ ನಿಂತಲ್ಲೇ ಓಡಲು ಬಿಟ್ಟರು.

"ಎಣ್ಣೆ ಬಿದ್ದ ಜಾಗ ನೋಡಬಾರದು ಸಾರ್, ಹೊರಟ ಜಾಗ ನೋಡಬೇಕು. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ನಿಂತಾಗ ಕೆಳಕ್ಕೆ ಇಳಿಯುತ್ತದೆ. ಒದ್ದೆಯಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದೋ ಅದೇ ಕಳ್ಳ" ಅಂದರು. ಪೌಡರು ನೆನೆದದ್ದು ಒಂದು ಕಡೆಯಲ್ಲ! ಮೇಲಿನ ರಾಕರ್ ಕವರ್, ಬಲಗಡೆಯ ಟೈಮಿಂಗ್ ಕವರ್, ಸಿಲಿಂಡರಿನ ಬುಡ, ಎಲ್ಲದರ ಅಂಚಿನಲ್ಲೂ ಸಣ್ಣ ಬೆವರು. ಅಣ್ಣ ನಕ್ಕು ಬ್ರೀದರ್ ಪೈಪಿನ ತುದಿಗೆ ಹೆಬ್ಬೆರಳು ಇಟ್ಟರು. ಪುಕ್ ಪುಕ್ ಅಂತ ಗಾಳಿ ಬರಬೇಕಿತ್ತು, ಬರಲಿಲ್ಲ. ಪೈಪು ಕಿತ್ತರೆ ಒಳಗೆ ಒಂದು ಬೋಲ್ಟು! ಯಾವನೋ ಪುಣ್ಯಾತ್ಮ, ಪೈಪಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ ಅಂತ ಅದಕ್ಕೇ ಬಿರಡೆ ಹಾಕಿಬಿಟ್ಟಿದ್ದ. ಒಂದು ಬಾಯಿ ಮುಚ್ಚಿದ, ಹತ್ತು ಬಾಯಿ ತೆರೆದವು.

ಎಡಗಡೆಯ ಹನಿ ಮಾತ್ರ ಬೇರೆ ಕೇಸು. ಚೈನ್ ಕವರಿನ ರಬ್ಬರ್ ರಿಂಗು ಒಣಗಿ ಕಡ್ಡಿಯಾಗಿತ್ತು. ನಟ್ಟನ್ನು ಬಿಗಿ ಮಾಡಿ ಮಾಡಿ ಕವರೇ ಬಾಗಿತ್ತು.

ಅಣ್ಣ ಒಂದು ಚೀಟಿ ಬರೆದುಕೊಟ್ಟು ನನ್ನನ್ನು ಪ್ಯಾರೀಸಿಗೆ ಅಟ್ಟಿದರು. ಬುಲೆಟ್ಟಿನ ರೆಡಿಮೇಡ್ ಪಾರ್ಟು ಬೇಕಾದರೆ ಮೌಂಟ್ ರೋಡ್ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆ, ಹಳೇ ಗಾಡಿ ಬಿಚ್ಚಿದ ಮಾಲು ಬೇಕಾದರೆ ಪುದುಪೇಟೆ. ಪ್ಯಾಕಿಂಗ್ ಶೀಟು, ಕಾರ್ಕು, ರಬ್ಬರ್ ಹೋಸುಗಳ ಬಿಡಿ ವ್ಯಾಪಾರಕ್ಕೆ ಮಾತ್ರ ಪ್ಯಾರೀಸೇ ಆಗಬೇಕು ಅನ್ನುವುದು ಅವರ ಹಟ. ಸೆಂಬುದಾಸ್ ಬೀದಿ, ಲಿಂಗಿ ಚೆಟ್ಟಿ ಬೀದಿ ಕಡೆ ಪೈಪು, ವಾಲ್ವು, ಹಾರ್ಡ್‌ವೇರ್ ಅಂಗಡಿಗಳ ಸಾಲು. ನಡುವೆ ಕೈಗಾಡಿ, ಸೈಕಲ್ ರಿಕ್ಷಾ, ತಲೆಹೊರೆಯವರ "ವಳಿ, ವಳಿ" ಕೂಗು. ನಾನು ಬಾಯಿ ಬಿಟ್ಟರೆ ತಮಿಳಿನ ಜೊತೆ ಕನ್ನಡ ನುಸುಳುತ್ತದಲ್ಲ ಅಂತ ಚೀಟಿಯನ್ನೇ ಮುಂದೆ ಹಿಡಿದೆ. ಅಂಗಡಿಯವರು ಚೀಟಿ ಓದಿ, ನನ್ನ ಮುಖ ನೋಡಿ, "ಬುಲೆಟ್ಟಾ?" ಅಂತ ಕೇಳಿದರು. ಯಾವ ಊರು ಅಂತ ಕೇಳಲಿಲ್ಲ. ಬೆರಳಿನಲ್ಲಿ ಶೀಟಿನ ದಪ್ಪ ಮುಟ್ಟಿ ನೋಡಿ, "ಇದು ಪಂಪಿಗೆ, ನಿಮಗೆ ತೆಳುವಾದದ್ದು ಬೇಕು" ಅಂತ ಬೇರೆಯದು ಕತ್ತರಿಸಿ ಕೊಟ್ಟರು.

ಆ ಸಂಜೆ ಕೆಲಸ ನೋಡುವ ಹಾಗಿತ್ತು. ಅಣ್ಣ ಹಳೇ ಪ್ಯಾಕಿಂಗಿನ ಚೂರುಗಳನ್ನು ಲೋಹಕ್ಕೆ ಗೀರು ಬೀಳದ ಹಾಗೆ ಕೆರೆದು ತೆಗೆದರು. ಕವರನ್ನು ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಿದರು. ಶೀಟನ್ನು ಕವರಿನ ಮೇಲಿಟ್ಟು ಗುಂಡು ತಲೆಯ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟುತ್ತಾ ಹೋದರೆ ಕತ್ತರಿಯೇ ಇಲ್ಲದೆ ಪ್ಯಾಕಿಂಗ್ ಕತ್ತರಿಸಿ ಬರುತ್ತದೆ, ಸ್ಕ್ರೂ ತೂತುಗಳ ಸಮೇತ! ಅಂಟನ್ನು ಬೆರಳಲ್ಲಿ ಸವರಿದಷ್ಟೇ. ಹೆಚ್ಚಾದರೆ ಒಳಕ್ಕೆ ಹಿಂಡಿ ಎಣ್ಣೆ ದಾರಿಯನ್ನೇ ಮುಚ್ಚೀತು ಅಂದರು. ಸ್ಕ್ರೂಗಳನ್ನು ಎದುರುಬದುರಾಗಿ, ಸುತ್ತಿಗೆ ಸ್ವಲ್ಪ ಸ್ವಲ್ಪವೇ ಬಿಗಿದರು. ಬ್ರೀದರಿಗೆ ಹೊಸ ಹೋಸು ಹಾಕಿ ಅದರ ತುದಿಯನ್ನು ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಬಿಟ್ಟರು. "ವಾರಗಟ್ಟಲೆ ನಿಲ್ಲಿಸಿದರೆ ತೊಟ್ಟಿಯ ಎಣ್ಣೆ ಪಂಪಿನ ಸಂದಿಯಲ್ಲಿ ಇಳಿದು ಕೆಳಗೆ ತುಂಬಿಕೊಳ್ಳುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಈ ಬಾಟಲಿಗೆ ಕಕ್ಕುತ್ತದೆ. ಅದು ಸೋರಿಕೆಯಲ್ಲ, ಓಡಿ ಬರಬೇಡಿ" ಅಂತ ಎಚ್ಚರಿಕೆ ಬೇರೆ.

ಪೊಂಗಲ್ ದಿನ ಮಾಮಿ ಗಾಡಿಯ ಸುತ್ತ ಬಂದು ನೋಡಿ, ಒಳಗಿನಿಂದ ಒಂದು ಬಟ್ಟಲು ಸಿಹಿ ಪೊಂಗಲ್ ತಂದುಕೊಟ್ಟರು. ಆ ಮನೆಯಲ್ಲಿ ಇನ್ನೂ ಆರು ವರ್ಷ ಇದ್ದೆ.

ಆ ಕಬ್ಬಿಣದ ಸಿಲಿಂಡರಿನ ಎಂಜಿನ್ನು ಈಗ ತಯಾರಾಗುವುದಿಲ್ಲ. ಮಾಲಿನ್ಯದ ನಿಯಮಗಳು ಬಿಗಿಯಾದಂತೆ, 2008ರಿಂದ ಆಚೆಗೆ ಎಂಜಿನ್ನು, ಗೇರ್‌ಬಾಕ್ಸು ಎರಡೂ ಒಂದೇ ಕವಚದಲ್ಲಿರುವ ಹೊಸ ಎಂಜಿನ್ನು ಬಂತು. 2013ರಲ್ಲಿ ಒರಗಡಂನಲ್ಲಿ ದೊಡ್ಡ ಫ್ಯಾಕ್ಟರಿ ಎದ್ದಿತು. ಹೈಕೋರ್ಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರೆ ಈಗ ತಿರುವೊತ್ತಿಯೂರಿಗೆ ಬೆವರಿಲ್ಲದೆ ಹೋಗಬಹುದು. ಹೊಸ ಗಾಡಿಗಳಲ್ಲಿ ಬ್ರೀದರಿನ ಮಂಜನ್ನು ಏರ್ ಫಿಲ್ಟರ್ ಕಡೆಗೆ ತಿರುಗಿಸಿ ಎಂಜಿನ್ನೇ ಹೀರಿ ಸುಡುವ ಹಾಗೆ ಮಾಡಿದ್ದಾರೆ, ನೆಲಕ್ಕೆ ಬೀಳುವ ಮಾತಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಪ್ಪನದೋ ಮಾವನದೋ ಹಳೇ ಬುಲೆಟ್ ಇದ್ದು, ಎಲ್ಲ ಕಡೆಯಿಂದಲೂ ಬೆವರುತ್ತಿದ್ದರೆ, ಪ್ಯಾಕಿಂಗಿಗೆ ದುಡ್ಡು ಸುರಿಯುವ ಮೊದಲು ಆ ಪೈಪಿನ ತುದಿಗೆ ಒಮ್ಮೆ ಹೆಬ್ಬೆರಳಿಟ್ಟು ನೋಡಿ. ಪೌಡರು ಯಾವುದಾದರೂ ನಡೆಯುತ್ತದೆ.