ನಾಳೆಗೂ ಒಂದು ಮರ್ಯಾದೆ

ಕನ್ನಡದಲ್ಲಿ ‘ನಾಳೆ’ಯಷ್ಟು ಬೈಸಿಕೊಂಡ ಪದ ಇನ್ನೊಂದಿರಲಾರದು. ನಾಳೆ ಎಂದವನ ಮನೆ ಹಾಳು ಎಂದು ಗಾದೆಯೇ ಷರಾ ಬರೆದುಬಿಟ್ಟಿದೆ. ಕಚೇರಿಯ ಕಿಟಕಿಯಲ್ಲಿ ‘ನಾಳೆ ಬನ್ನಿ’ ಅನ್ನಿಸಿಕೊಂಡು ಬಂದವರನ್ನು ಕೇಳಿದರೆ, ಆ ಪದವನ್ನು ನಿಘಂಟಿನಿಂದಲೇ ಕಿತ್ತುಹಾಕಿ ಎಂದಾರು.

ಆದರೆ ಇದೇ ಪದ ಒಮ್ಮೆ ಊರು ಕಾದಿದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ರಾಜ್ಯದ ಬೇರೆ ಊರುಗಳಲ್ಲೂ, ಬಾಗಿಲು ಗೋಡೆಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಎದ್ದಿತು. ರಾತ್ರಿ ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದಂತೆ, ಬಾಗಿಲು ತೆಗೆದರೆ ಮುಗಿಯಿತಂತೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಎಂಬ ಭರವಸೆ ದೊಡ್ಡದು. ಮರುದಿನವೂ ಅದನ್ನೇ ಓದಿ, ‘ಹೌದಲ್ಲ’ ಎಂದು ವಾಪಸಾಗುವಷ್ಟು ಸಂಭಾವಿತ ದೆವ್ವ ಎಂಬುದು ಇನ್ನೂ ದೊಡ್ಡದು. 2018ರ ಹಿಂದಿ ಚಿತ್ರ ‘ಸ್ತ್ರೀ’ಯ ಗೋಡೆಗಳ ಮೇಲೂ ಇದೇ ಉಪಾಯ ಹಿಂದಿಯಲ್ಲಿ ಕಾಣಿಸಿಕೊಂಡಿತು.

ಕಿರಾಣಿ ಅಂಗಡಿಯವರಿಗೆ ಈ ವಿದ್ಯೆ ಹೊಸದೇನಲ್ಲ. ‘ಸಾಲ ಕೊಡಲ್ಲ’ ಎಂದು ಮುಖಕ್ಕೆ ಹೇಳಿದರೆ ಗಿರಾಕಿ ಪಕ್ಕದಂಗಡಿ ಪಾಲು. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ತೋರಿಸಿದರೆ ನಕ್ಕು ಜೇಬಿಗೆ ಕೈ ಹಾಕುತ್ತಾನೆ. ‘ಇಲ್ಲ’ ಎನ್ನುವುದರ ಮುಳ್ಳು ಮುರಿದು ಕೊಡುವ ಪದ ಇದು. ‘ನಾಡಿದ್ದು’ವಿಗೆ ಆ ಜಾಣತನವಿಲ್ಲ. ನಾಡಿದ್ದು ಎಂದವನು ಕ್ಯಾಲೆಂಡರ್ ನೋಡಿಯೇ ಹೇಳಿರುತ್ತಾನೆ. ‘ನಾಳೆ ನಾಡಿದ್ದು’ ಎಂದು ಎರಡನ್ನೂ ಗಂಟು ಹಾಕಿದವನನ್ನು ಮಾತ್ರ ಕಾಯುತ್ತ ಕೂರಬೇಡಿ.

ಈಗಿನ ದೆವ್ವಗಳು ಬಾಗಿಲು ಬಡಿಯುವುದಿಲ್ಲ, ಫೋನಿಗೇ ಬರುತ್ತವೆ. ಮಲಗುವ ಹೊತ್ತಿಗೆ ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪ ಕೆಣಕುತ್ತಾರೆ. ಬೆರಳು ತುರಿಸುತ್ತದೆ. ಕಂತಿನಲ್ಲಿ ಟಿವಿ ಕೊಳ್ಳಲು ‘ಇಂದೇ ಕೊನೆಯ ದಿನ’ ಎಂದು ಅಂಗಡಿ ಕೂಗುತ್ತದೆ. ಬಾಸ್ ಗದರಿದ ಸಂಜೆ ರಾಜೀನಾಮೆ ಪತ್ರ ತಂತಾನೇ ಟೈಪಾಗುತ್ತದೆ. ಕರೆಯುವ ದನಿ ನಮ್ಮದೇ ಆದ್ದರಿಂದ ಓಗೊಡುವುದೂ ಸುಲಭ. ಇಂಥವಕ್ಕೆಲ್ಲ ‘ನಾಳೆ ಬಾ’ ಎಂದು ನೋಡಿ. ಹೆಚ್ಚಿನವು ಮರಳಿ ಬರುವುದೇ ಇಲ್ಲ. ಬಂದರೂ ಬೆಳಗಿನ ಕಾಫಿ ಆದಮೇಲೆ ಅವಕ್ಕೆ ಅಷ್ಟು ಗಂಟಲಿರುವುದಿಲ್ಲ.

ಹಾಗೆಂದು ಗಾದೆ ಸುಳ್ಳಲ್ಲ. ಹಲ್ಲುನೋವಿಗೆ, ಕರೆಂಟ್ ಬಿಲ್ಲಿಗೆ, ಸೋರುವ ಸೂರಿಗೆ ನಾಳೆ ಎಂದರೆ ಅವು ಬಡ್ಡಿ ಸಮೇತ ಬರುತ್ತವೆ. ಸಿಟ್ಟು, ಆಸೆ, ಚಾಡಿಮಾತು ಒಂದು ರಾತ್ರಿ ಕಳೆದರೆ ಸೊರಗುತ್ತವೆ. ಮುಂದೂಡಿದರೆ ಬೆಳೆಯುವುದು ಯಾವುದು, ಕರಗುವುದು ಯಾವುದು ಎಂದು ಬಲ್ಲವನು ಎಷ್ಟು ಸಲ ನಾಳೆ ಎಂದರೂ ಅವನನ್ನು ಸೋಮಾರಿ ಎನ್ನುವಂತಿಲ್ಲ.