ಕಾಶಾನದ ಬಟ್ಟಲುಗಳು ಹೇಳುವ ಕಥೆ

ಇರಾನಿನ ಮರುಭೂಮಿಯ ಅಂಚಿನಲ್ಲಿರುವ ಕಾಶಾನವು 12ನೆಯ ಶತಮಾನದ ಅಂತ್ಯದ ವೇಳೆಗೆ ಪಿಂಗಾಣಿ ಕೆಲಸದ ಕೇಂದ್ರವಾಗಿತ್ತು. ಪಾರಸಿಯಲ್ಲಿ ಮೆರುಗಿನ ಬಿಲ್ಲೆಗೆ ‘ಕಾಶಿ’ ಎಂಬ ಹೆಸರು ಬಂದದ್ದು ಈ ಊರಿನಿಂದಲೇ. ಬೀದರಿನಲ್ಲಿ ಮಹಮೂದ್ ಗವಾನನ ಮದರಸದ ಗೋಡೆಯ ಮೇಲೆ ಅಳಿದುಳಿದಿರುವ ನೀಲಿ, ಹಳದಿ ಬಿಲ್ಲೆಗಳನ್ನು ಕಂಡವರಿಗೆ ಈ ಪರಂಪರೆ ತೀರ ಅಪರಿಚಿತವಲ್ಲ.

ಆದರೆ ನಾವಿಲ್ಲಿ ಹೇಳಹೊರಟಿರುವುದು ಗೋಡೆಯ ಬಿಲ್ಲೆಗಳನ್ನು ಕುರಿತಲ್ಲ. ‘ಮೀನಾಯಿ’ ಎಂದು ಇಂದು ಕರೆಯಲಾಗುವ ಬಹುವರ್ಣದ ಬಟ್ಟಲುಗಳನ್ನು ಕುರಿತು. ಅಲ್ಲಿಯ ಕುಂಬಾರ ಮನೆತನವೊಂದಕ್ಕೆ ಸೇರಿದ ಅಬುಲ್ ಕಾಸಿಮನು 1301ರಲ್ಲಿ ಈ ವಿದ್ಯೆಯ ಗುಟ್ಟುಗಳನ್ನು ಬರೆದಿಟ್ಟನು. ಅವನು ಹೇಳುವ ಮಿಶ್ರಣದಲ್ಲಿ ಬೆಣಚುಕಲ್ಲಿನ ಪುಡಿ ಹತ್ತು ಪಾಲು, ಗಾಜಿನ ಪುಡಿ ಒಂದು ಪಾಲು, ಬಿಳಿಯ ಜೇಡಿ ಒಂದೇ ಪಾಲು. ಚೀನಾದ ಪಿಂಗಾಣಿಯ ಬಿಳುಪನ್ನು ಸರಿಗಟ್ಟಲು ಕಂಡುಕೊಂಡ ಉಪಾಯವಿದು.

ಬಣ್ಣಗಾರಿಕೆ ಇನ್ನೂ ಸೂಕ್ಷ್ಮವಾದುದು. ನೀಲಿಯಂತಹ ಬಣ್ಣಗಳು ಆವಿಗೆಯ ಉಗ್ರ ಶಾಖವನ್ನು ತಾಳುತ್ತವೆ. ಕೆಂಪು, ಚಿನ್ನಗಳು ತಾಳವು. ಆದುದರಿಂದ ಪಾತ್ರೆಯನ್ನು ಒಮ್ಮೆ ಸುಟ್ಟು, ಗಟ್ಟಿಯಾದ ಮೆರುಗಿನ ಮೇಲೆ ಉಳಿದ ಬಣ್ಣಗಳಿಂದ ಚಿತ್ರಿಸಿ, ಮಂದವಾದ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. ಬಣ್ಣ ಹರಡದ ಆ ಮೈಮೇಲೆ ಕಲಾವಿದನಿಗೆ ಕಾಗದದ ಮೇಲಿನಷ್ಟೇ ಸಣ್ಣ ಗೆರೆ ಎಳೆಯುವುದು ಸಾಧ್ಯವಾಯಿತು. ಕುದುರೆಯೇರಿದ ರಾಜಪುತ್ರರು, ಕೊಳದ ಬಳಿ ಕುಳಿತ ಗೆಳೆಯರು, ಚಂದ್ರಮುಖದ ಪ್ರೇಮಿಗಳು ಅಲ್ಲಿ ಮೂಡಿದರು. ತಲೆಯ ಹಿಂದಿನ ಪ್ರಭಾವಳಿಯನ್ನು ಕಂಡು ಇವರನ್ನು ದೇವತೆಗಳೆಂದು ತಿಳಿಯಬೇಕಾಗಿಲ್ಲ. ಸೇವಕರಿಗೂ ಅದು ಉಂಟು!

ವಾಷಿಂಗ್ಟನ್ನಿನ ಫ್ರಿಯರ್ ಸಂಗ್ರಹದಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಟವಿದೆ. ಅದರ ಸುತ್ತ ಮೂರು ಸಾಲುಗಳಲ್ಲಿ ಫಿರ್ದೌಸಿಯ ‘ಶಾಹನಾಮೆ’ಯ ಬಿಝನ್ ಮತ್ತು ಮನೀಝೆಯರ ಕಥೆ ಸಾಗುತ್ತದೆ. ಶತ್ರುರಾಜನ ಮಗಳನ್ನು ಪ್ರೀತಿಸಿದ ತಪ್ಪಿಗೆ ಬಿಝನ್ ಹಾಳುಬಾವಿಗೆ ಬೀಳುತ್ತಾನೆ. ಬಾವಿಯ ಬಾಯಿಗೆ ಮುಚ್ಚಿದ ಬಂಡೆಯನ್ನು ಕೊನೆಗೆ ಎತ್ತುವವನು ರುಸ್ತುಮ್. ಈಗ ಉಳಿದಿರುವ ಸಚಿತ್ರ ಶಾಹನಾಮೆಗಳಲ್ಲಿ ಅತ್ಯಂತ ಹಳೆಯವು ಸುಮಾರು 1300ರ ಕಾಲದವು. ಲೋಟವಾದರೋ ಅವುಗಳಿಗಿಂತ ಬಹುಮಟ್ಟಿಗೆ ಒಂದು ಶತಮಾನ ಹಿಂದಿನದು. ಗ್ರಂಥಗಳಲ್ಲಿ ಇಂದು ಕಾಣಸಿಗದ ಆ ಕಾಲದ ಚಿತ್ರಕಲೆಯನ್ನು ನಾವು ಬಲ್ಲುದು ಇಂತಹ ಪಾತ್ರೆಗಳಿಂದಲೇ.

ಈ ಕಾರಣದಿಂದಲೇ ಒಂದು ಸಂಗತಿ ನಮಗೆ ಕಳವಳವನ್ನುಂಟುಮಾಡುತ್ತದೆ. 1220ರ ದಶಕದ ಮಂಗೋಲರ ದಾಳಿಯ ವೇಳೆಗೆ ಮೀನಾಯಿಯ ತಯಾರಿಕೆ ನಿಂತೇಹೋಯಿತು. ದೊರೆತವುಗಳಲ್ಲಿ ಬಹುಪಾಲು ಚೂರುಗಳು. 20ನೆಯ ಶತಮಾನದ ಆರಂಭದಲ್ಲಿ ಯೂರೋಪು, ಅಮೆರಿಕಗಳ ಸಿರಿವಂತರು ಇವಕ್ಕಾಗಿ ಮುಗಿಬಿದ್ದಾಗ, ವ್ಯಾಪಾರಿಗಳು ಬೇರೆಬೇರೆ ಪಾತ್ರೆಗಳ ಚೂರುಗಳನ್ನು ಜೋಡಿಸಿ, ಸಂದುಗಳನ್ನು ತುಂಬಿ, ಇಲ್ಲದ ಮುಖಗಳನ್ನು ಹೊಸದಾಗಿ ಬರೆಸಿ ಮಾರಿದರು. ಅತಿನೇರಳೆ ಬೆಳಕಿನಲ್ಲಿ ಆ ತೇಪೆಗಳು ಬೇರೆಯಾಗಿಯೇ ಹೊಳೆಯುತ್ತವೆ. ಕಾಶಾನದ ಅಬೂ ಜೈದನು 1186ರ ತೇದಿ ಹಾಕಿ ಸಹಿ ಮಾಡಿದ ಬಟ್ಟಲು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಮಕ್ಕಳೊಡನೆ ಅಲ್ಲಿಗೆ ಹೋಗುವ ಸದಸ್ಯರು ಮೀನಾಯಿ ಪಾತ್ರೆಗಳ ಮುಂದೆ ತುಸು ನಿಂತು, ಬಿರುಕೊಂದನ್ನು ಕಣ್ಣಿನಿಂದ ಹಿಂಬಾಲಿಸಿ ನೋಡಬಹುದು. ಅದು ಯಾವುದಾದರೂ ಮುಖದ ಅಂಚಿನಲ್ಲಿ ತಟ್ಟನೆ ಮಾಯವಾದರೆ ಆ ಮುಖವನ್ನು ಸಂಶಯದಿಂದಲೇ ನೋಡಬೇಕು.